ಅಬ್ದುಲ್ ಜಬ್ಬಾರ್ ಸಾಹೇಬರ ನೆರಳಿನ ಪಾಠ

ಕಣ್ಣಿಗೆ ಶಸ್ತ್ರಚಿಕಿತ್ಸೆ ಮಾಡಿದ ವೈದ್ಯರ ಹೆಸರನ್ನು ರೋಗಿಯಾದವನು ಮೊಮ್ಮಕ್ಕಳಿಗೂ ಹೇಳಿ ಸಾಯುತ್ತಾನೆ. ಕನ್ನಡಕದ ನಂಬರು ಗೊತ್ತುಮಾಡಿಕೊಟ್ಟವರ ಹೆಸರನ್ನು ಮಾತ್ರ ಆಸ್ಪತ್ರೆಯ ಮೆಟ್ಟಿಲಿಳಿಯುವಷ್ಟರಲ್ಲಿ ಮರೆಯುತ್ತಾನೆ. ಹೀಗೆ ಮರೆಯಲ್ಪಡುವುದನ್ನೇ ವೃತ್ತಿಧರ್ಮವೆಂದು ಒಪ್ಪಿಕೊಂಡು, ಚಾಮರಾಜನಗರ ಮತ್ತು ಗುಂಡ್ಲುಪೇಟೆ ತಾಲ್ಲೂಕುಗಳ ಜನರ ದೃಷ್ಟಿಯನ್ನು ತಿದ್ದುವುದರಲ್ಲಿಯೂ, ಆ ಕೆಲಸಕ್ಕೆ ಶಿಷ್ಯರನ್ನು ತಯಾರು ಮಾಡುವುದರಲ್ಲಿಯೂ ತಮ್ಮ ಆಯುಷ್ಯವನ್ನು ಸವೆಸಿದವರು ಸನ್ಮಾನ್ಯ ಅಬ್ದುಲ್ ಜಬ್ಬಾರ್ ಸಾಹೇಬರು. ಇಂದು ನಮ್ಮ ಕಡೆ ಹೊಲದ ಬದುವಿನ ಮೇಲೋ, ಅಂಗಡಿಯ ಗಲ್ಲಾದ ಹಿಂದೋ, ಶಾಲೆಯ ಕರಿಹಲಗೆಯ ಮುಂದೋ ಕನ್ನಡಕ ಧರಿಸಿದ ಮುಖವೊಂದು ಕಂಡರೆ, ಆ ಗಾಜಿನ ಹಿಂದೆ ಸಾಹೇಬರ ಕೈಯಾಗಲಿ ಅವರ ಶಿಷ್ಯರ ಕೈಯಾಗಲಿ ಆಡಿರುವುದು ಖಂಡಿತ. ಧರ್ಮಾರ್ಥ ಕಣ್ಣಿನ ಆಸ್ಪತ್ರೆಯ ದೃಷ್ಟಿ ಪರೀಕ್ಷಾ ತರಬೇತಿ ವರ್ಗದ ಬೋಧಕ ಸ್ಥಾನದಿಂದ ಅವರು ಈ ವರ್ಷ, ಅಂದರೆ ಐವತ್ತೊಂಬತ್ತನೆಯ ಇಸವಿಯಲ್ಲಿ, ನಿವೃತ್ತರಾಗುತ್ತಿರುವ ಸಂದರ್ಭದಲ್ಲಿ ನಾಲ್ಕು ಮಾತು ಬರೆಯುವ ಭಾಗ್ಯ ಅವರ ಮೊದಲ ಶಿಷ್ಯೆಯಾದ ನನಗೆ ಬಂದಿದೆ. ಹೊಗಳಿಕೆ ಅವರಿಗೆ ಆಗಿಬರುವುದಿಲ್ಲ. ಆದ್ದರಿಂದ ನಡೆದದ್ದನ್ನೇ ಬರೆಯುತ್ತೇನೆ.

ಸಾಹೇಬರು ಹುಟ್ಟಿದ್ದು ಗುಂಡ್ಲುಪೇಟೆಯಲ್ಲಿ. ತಂದೆಯವರು ಊಟಿ ರಸ್ತೆಯ ಬದಿಯಲ್ಲಿ ಗಡಿಯಾರ ಮತ್ತು ಕನ್ನಡಕಗಳ ರಿಪೇರಿ ಅಂಗಡಿ ಇಟ್ಟಿದ್ದರು. ಕಾಲು ಮುರಿದ ಕನ್ನಡಕಗಳ ನಡುವೆ ಬೆಳೆದ ಮಗನಿಗೆ, ಒಬ್ಬರಿಗೆ ಲೋಕವನ್ನು ತಿಳಿಯಾಗಿಸುವ ಗಾಜು ಇನ್ನೊಬ್ಬರಿಗೆ ಏಕೆ ತಲೆ ತಿರುಗಿಸುತ್ತದೆ ಎಂಬ ಪ್ರಶ್ನೆ ಎಳೆಯ ವಯಸ್ಸಿನಲ್ಲೇ ಹಿಡಿಯಿತಂತೆ. ಆ ಪ್ರಶ್ನೆಯ ಬೆನ್ನುಹತ್ತಿ ಮೈಸೂರಿಗೆ ಹೋಗಿ, ಕಣ್ಣಿನ ವೈದ್ಯರೊಬ್ಬರಲ್ಲಿ ಸಹಾಯಕರಾಗಿ ಸೇರಿ, ದೃಷ್ಟಿ ಪರೀಕ್ಷೆಯ ವಿದ್ಯೆಯನ್ನು ಆಮೂಲಾಗ್ರವಾಗಿ ಕಲಿತು, ಚಾಮರಾಜನಗರಕ್ಕೆ ಬಂದು ನೆಲೆಸಿದರು. ಐವತ್ತೊಂದರಲ್ಲಿ ಇಲ್ಲಿ ತರಬೇತಿ ವರ್ಗ ಆರಂಭವಾದಾಗ ಪಾಠ ಹೇಳಲು ಅವರನ್ನು ಬಿಟ್ಟು ಬೇರೆ ಯಾರ ಹೆಸರೂ ಯಾರ ಬಾಯಲ್ಲೂ ಬರಲಿಲ್ಲ.

ಬೆಳಿಗ್ಗೆ ಪಾಠ, ಮಧ್ಯಾಹ್ನ ಕತ್ತಲೆ ಕೋಣೆ: ಇದು ವರ್ಗದ ಕ್ರಮ. ಪಾಠದಲ್ಲಿ ಬೆಳಕಿನ ನಡೆ, ಗಾಜಿನ ಗುಣ, ಕಣ್ಣಿನ ಒಳರಚನೆ. ಕಣ್ಣಿನ ರಚನೆಯನ್ನು ತೋರಿಸಲು ಸಾಹೇಬರು ಮೊದಲ ವರ್ಷ ಕಟುಕರ ಅಂಗಡಿಯಿಂದ ಕುರಿಯ ಕಣ್ಣು ತರಿಸಿದಾಗ, ಲಿಂಗಧಾರಿಯಾದ ಗಂಗಾಧರಸ್ವಾಮಿ ಎಂಬ ವಿದ್ಯಾರ್ಥಿ ಬೆಂಚು ಬಿಟ್ಟೆದ್ದು ಅಂಗಳಕ್ಕೆ ಓಡಿದನಂತೆ. ಮಾರನೆಯ ದಿನ ಮೇಜಿನ ಮೇಲೆ ಕುರಿಯ ಕಣ್ಣಿರಲಿಲ್ಲ. ನೀರು ತುಂಬಿದ ಗುಂಡನೆಯ ಗಾಜಿನ ಬುದ್ದಲಿ, ಅದರ ಹಿಂದೆ ಎಣ್ಣೆ ಸವರಿದ ಕಾಗದ, ಮುಂದೆ ಒಂದು ದೀಪ. ಕಾಗದದ ಮೇಲೆ ದೀಪದ ಕುಡಿ ತಲೆಕೆಳಗಾಗಿ ಬಿದ್ದಿತ್ತು. ‘ಇದು ಸಸ್ಯಾಹಾರಿ ಕಣ್ಣು ಕಣಪ್ಪ, ಒಳಕ್ಕೆ ಬಾ’ ಎಂದು ಸಾಹೇಬರು ಕರೆದರಂತೆ. ಕುರಿಯ ಕಣ್ಣು ಮತ್ತೆ ಆ ತರಗತಿಗೆ ಬರಲಿಲ್ಲ. ಆ ಬುದ್ದಲಿಯಿಂದಲೇ ನಾವೆಲ್ಲ ಕಲಿತೆವು. ಗಂಗಾಧರಸ್ವಾಮಿ ಓದು ಮುಗಿಸಿ, ಅದೇ ಬುದ್ದಲಿಯನ್ನು ಒರೆಸಿಡುವ ಸಹಾಯಕನಾಗಿ ಅಲ್ಲೇ ನಿಂತ.

ಮಧ್ಯಾಹ್ನದ ಕೆಲಸ ಕಷ್ಟದ್ದು. ನಡುವೆ ಸಣ್ಣ ರಂಧ್ರವಿರುವ ಕೈಗನ್ನಡಿಯಿಂದ ರೋಗಿಯ ಕಣ್ಣೊಳಗೆ ದೀಪದ ಬೆಳಕನ್ನು ಹಾಯಿಸಿ, ಕನ್ನಡಿಯನ್ನು ಮೆಲ್ಲಗೆ ಓಲಾಡಿಸಿದರೆ, ಕಣ್ಣಪಾಪೆಯೊಳಗೆ ಒಂದು ನೆರಳು ಓಡುತ್ತದೆ. ಅದು ಕನ್ನಡಿಯ ಜೊತೆಗೆ ಓಡಿತೋ ಎದುರು ದಿಕ್ಕಿಗೆ ಓಡಿತೋ ನೋಡಿಕೊಂಡು, ಪೆಟ್ಟಿಗೆಯಿಂದ ಒಂದೊಂದೇ ಗಾಜು ಹಿಡಿಯುತ್ತ, ನೆರಳು ನಿಂತ ಕಡೆ ನಂಬರು ಹೇಳಬೇಕು. ಇದೇ ನೆರಳಿನ ಪರೀಕ್ಷೆ. ನೆರಳು ಎದುರು ದಿಕ್ಕಿಗೆ ಓಡಿದರೆ ಅದು ದೂರದ್ದು ಕಾಣದ ಕಣ್ಣು, ಅದಕ್ಕೆ ಮೈನಸ್ ಗಾಜು ಬೇಕು. ಸಾಹೇಬರು ಇದನ್ನು ಎಲ್ಲಕ್ಕಿಂತ ಮೇಲೆ ಇಟ್ಟದ್ದಕ್ಕೆ ನಮ್ಮ ಸೀಮೆಯ ಸೌಜನ್ಯವೇ ಕಾರಣ. ‘ಈ ಗಾಜು ಚೆನ್ನಾಗಿದೆಯೋ, ಆ ಗಾಜೋ?’ ಎಂದು ಕೇಳಿದರೆ ನಮ್ಮ ರೈತರು ಕೈಮುಗಿದು ‘ನೀವ್ ಏಳ್ದಂಗೆ ಬುದ್ದಿ’ ಎನ್ನುತ್ತಿದ್ದರು. ದೊಡ್ಡವರ ಗಾಜನ್ನು ಚೆನ್ನಾಗಿಲ್ಲ ಎನ್ನುವುದು ಮರ್ಯಾದೆಯೇ? ‘ಬಾಯಿ ಮರ್ಯಾದೆಗೆ ಸುಳ್ಳು ಹೇಳ್ತದೆ, ನೆರಳು ಹೇಳಲ್ಲ’ ಎಂಬುದು ಸಾಹೇಬರ ಮೊದಲ ಪಾಠ. ‘ನೆರಳು ತೋರಿಸಿದ್ದನ್ನ ಹೇಳಿ. ಎದುರಿಗಿರೋರ ಮುಖ ನೋಡಿ ಹೇಳಬೇಡಿ’ ಎಂಬುದು ಅದರ ಎರಡನೆಯ ಅರ್ಧ.

ನಾನು ಆಗ ಗುಂಡ್ಲುಪೇಟೆಯಲ್ಲಿ ಸೂಲಗಿತ್ತಿ ನರ್ಸಾಗಿದ್ದೆ. ತವರು ಭೀಮನಬೀಡು. ಸಾಹೇಬರು ಶಿಷ್ಯರೊಡನೆ ನಮ್ಮೂರಿಗೆ ಶಿಬಿರಕ್ಕೆ ಬಂದಾಗ, ಗಂಡಸರ ಸಾಲು ರಸ್ತೆಯವರೆಗೂ ಬೆಳೆಯುತ್ತಿತ್ತು. ಹೆಂಗಸರ ಸಾಲು ಇರುತ್ತಲೇ ಇರಲಿಲ್ಲ. ಬಂದ ಒಬ್ಬಿಬ್ಬರೂ ಕತ್ತಲೆ ಕೋಣೆಯ ಬಾಗಿಲು ನೋಡಿ ಸೆರಗು ಬಿಗಿದುಕೊಂಡು ವಾಪಸಾಗುತ್ತಿದ್ದರು. ಪರಗಂಡಸಿನ ಜೊತೆ ಕತ್ತಲೆಯಲ್ಲಿ ಮುಖಕ್ಕೆ ಮುಖ ಕೊಟ್ಟು ಕೂರುವುದು ಯಾವ ಮನೆಯ ಹೆಣ್ಣಿಗೆ ಸಾಧ್ಯ? ಹಾಗೆಂದು ಅವರಿಗೆ ಕನ್ನಡಕ ಬೇಡವೇ? ಅದಕ್ಕೂ ನಮ್ಮ ಜನ ದಾರಿ ಕಂಡುಕೊಂಡಿದ್ದರು. ಒಬ್ಬ ರೈತ ಬಂದು ಕುಳಿತ. ‘ಮಂಜು ಮಂಜು ಅಂತಳೆ ನಮ್ಮನೇವ್ಳು ಬುದ್ದಿ. ಅವಳ್ನ ಯಾಕ್ ಇಲ್ಲಿಗಂಟ ಕರ್ಕ ಬರನ? ನನ್ ಕಣ್ಣೇ ನೋಡ್ಬುಟ್ಟು ಒಂದ್ ಕನ್ನಡ್ಕ ಕೊಟ್ಬುಡಿ’ ಎಂದ.

‘ಅವಳಿಗೆ ಜ್ವರ ಬಂದ್ರೆ ಕಷಾಯ ನೀನ್ ಕುಡಿತೀಯೇನಪ್ಪ?’ ಎಂದರು ಸಾಹೇಬರು.

ಶಿಬಿರವೆಲ್ಲ ನಕ್ಕಿತು. ಸಾಹೇಬರು ನಗಲಿಲ್ಲ. ಆ ಸಂಜೆ ನನ್ನನ್ನು ಕರೆದು, ‘ತಂಗ್ಯಮ್ಮ, ನೀನು ಹೋದ್ರೆ ಯಾವ ಮನೆಯ ಬಾಗಿಲೂ ಮುಚ್ಚಲ್ಲ. ಈ ಕನ್ನಡಿ ನಿನ್ನ ಕೈಗೆ ಕೊಟ್ಟರೆ ಕಲಿತೀಯಾ?’ ಎಂದು ಕೇಳಿದರು. ಹೆರಿಗೆ ಕೋಣೆಯಲ್ಲಿ ಕಣ್ಣು ಕಾಣದೆ ಗೋಡೆ ತಡವಿಕೊಂಡು ಬರುವ ಬಾಣಂತಿಯರನ್ನು ಕಂಡಿದ್ದ ನಾನು ಎರಡನೆಯ ಯೋಚನೆ ಮಾಡದೆ ಹೂಂ ಎಂದೆ.

ಆದರೆ ಹೂಂ ಎನ್ನಬೇಕಾದವರು ಬೇರೆ ಇದ್ದರು. ಆಸ್ಪತ್ರೆಯ ಸಮಿತಿಗೆ ದಿವಂಗತ ಸಿದ್ದಮಲ್ಲಪ್ಪನವರು ಅಧ್ಯಕ್ಷರು. ದೊಡ್ಡ ಜಮೀನ್ದಾರರು, ಧರ್ಮಕ್ಕೆ ಕೈಯೆತ್ತಿ ಕೊಡುವವರು, ಊರಿನ ಬಾಯಿಗೆ ಮಾತ್ರ ಹೆದರುವವರು. ‘ಪಾಠ ಕೇಳ್ಕಳ್ಳಿ ಸಾಹೇಬ್ರೆ, ಯಾರ್ ಬ್ಯಾಡ ಅಂದರು? ಆದ್ರೆ ಗಂಡೈಕ್ಳ ಜೊತೇಲಿ ಕತ್ಲೆ ಕೋಣೇಲಿ ಒಬ್ಬ ಎಂಗ್ಸು ನಿಂತ್ಕಂಡ್ರೆ ಊರು ಏನಂತದೆ?’ ಎಂದರು. ಕತ್ತಲೆ ಕೋಣೆಯಿಲ್ಲದ ದೃಷ್ಟಿ ಪರೀಕ್ಷೆಯ ಓದು ನೀರಿಗಿಳಿಯದ ಈಜಿನಂತೆ. ಸಾಹೇಬರು ವಾದಿಸಲಿಲ್ಲ. ಒಂದು ವಾರ ಕಳೆದ ಮೇಲೆ, ಮಧ್ಯಾಹ್ನ ಪರದೆ ಕಟ್ಟಿದ ಜಟಕಾ ಒಂದು ಆಸ್ಪತ್ರೆಯ ಹಿಂಬಾಗಿಲಿಗೆ ಬಂದು ನಿಂತಿತು. ಅದರಿಂದ ಬುರುಖಾ ಧರಿಸಿದ ಒಬ್ಬರು ಇಳಿದು, ಸಾಹೇಬರ ತೋಳು ಹಿಡಿದು ಕತ್ತಲೆ ಕೋಣೆಗೆ ಬಂದು, ಮೂಲೆಯ ಸ್ಟೂಲಿನ ಮೇಲೆ ಕುಳಿತರು. ಅವರು ಸಾಹೇಬರ ಧರ್ಮಪತ್ನಿ ಬೀಬಿಜಾನ್ ಅಮ್ಮನವರು. ಮದುವೆಯಾಗಿ ಬಂದಾಗಿನಿಂದ ಗೋಷಾ ಬಿಟ್ಟು ಹೊರಗೆ ಕಾಲಿಟ್ಟವರಲ್ಲ. ಒಬ್ಬ ಶಿಷ್ಯೆಯ ಮಾನಕ್ಕೆ ಕಾವಲಾಗಿ ತಮ್ಮ ಮನೆಯ ಮಾನವನ್ನೇ ತಂದು ಕೂರಿಸಿದ ಗುರುವನ್ನು ನಾನು ಬೇರೆಲ್ಲೂ ಕಂಡಿಲ್ಲ, ಕೇಳಿಲ್ಲ.

ಸಿದ್ದಮಲ್ಲಪ್ಪನವರು ಎರಡು ಷರತ್ತು ಹಾಕಿ ಒಪ್ಪಿದರು. ನಾನು ಹೆಂಗಸರ ಕಣ್ಣನ್ನು ಮಾತ್ರ ನೋಡತಕ್ಕದ್ದು. ಮೈಸೂರಿನಿಂದ ಬರುವ ಪರೀಕ್ಷಕರ ಮುಂದೆ ಮೊದಲ ಸಲವೇ ತೇರ್ಗಡೆಯಾಗದಿದ್ದರೆ ಹೆಂಗಸರಿಗೆ ಈ ವರ್ಗದಲ್ಲಿ ಇನ್ನು ಜಾಗವಿಲ್ಲ. ವರ್ಷಪೂರ್ತಿ ಅಮ್ಮನವರು ಪ್ರತಿ ಮಧ್ಯಾಹ್ನ ಬಂದರು. ನಾನು ನನ್ನ ಹಳೆಯ ಬಾಣಂತಿಯರನ್ನು ಕರೆತಂದು, ಅವರ ಕಣ್ಣುಗಳಲ್ಲಿ ನೆರಳು ಹಿಡಿಯುವುದನ್ನು ಕಲಿತೆ. ಅಮ್ಮನವರು ಮೂಲೆಯಲ್ಲಿ ಕುಳಿತು ತಸ್ಬಿಯ ಜಪಮಣಿ ಎಣಿಸುತ್ತಿದ್ದರು. ದೀಪದ ಬೆಳಕಿನಲ್ಲಿ ಪವಿತ್ರ ಗ್ರಂಥ ಓದುವಾಗ ಅದನ್ನು ಮೂಗಿಗೆ ತಾಗುವಂತೆ ಹಿಡಿಯುತ್ತಿದ್ದರು. ಎಂಥ ಭಕ್ತಿ ಎಂದು ನಾನು ಮನಸ್ಸಿನಲ್ಲೇ ಕೈಮುಗಿದಿದ್ದೆ.

ಐವತ್ತೈದರ ಬೇಸಿಗೆಯಲ್ಲಿ ಪರೀಕ್ಷೆಯ ದಿನ ಬಂತು. ಚಂದಕವಾಡಿಯ ದೊಡ್ಡಮಲ್ಲಮ್ಮ ಎಂಬಾಕೆ ರೋಗಿಯಾಗಿ ಕೂರಲು ಒಪ್ಪಿದ್ದಳು. ಪರೀಕ್ಷಕರು ರೈಲಿನಿಂದಿಳಿದು ಬಂದರು, ಸಮಿತಿಯವರು ಬಂದರು, ದೊಡ್ಡಮಲ್ಲಮ್ಮ ಬರಲಿಲ್ಲ. ದೊಡ್ಡ ದೊಡ್ಡ ಗಂಡಸರು ಸೇರುತ್ತಾರಂತೆ ಎಂದು ಅತ್ತೆ ಬಾಗಿಲಿಗಡ್ಡ ನಿಂತಳೆಂದು ಸುದ್ದಿ ಬಂತು. ಸಿದ್ದಮಲ್ಲಪ್ಪನವರು ಶಲ್ಯ ಹೆಗಲಿಗೇರಿಸುತ್ತ, ‘ಇರ್ಲಿ ಬುಡಿ, ಬರೋ ವರ್ಸ ನೋಡನ’ ಎಂದರು. ಬರುವ ವರ್ಷ ಎಂದರೆ ಯಾವತ್ತೂ ಇಲ್ಲ ಎಂದು ಅಲ್ಲಿದ್ದವರಿಗೆಲ್ಲ ಗೊತ್ತಿತ್ತು. 

ಆಗ ಕತ್ತಲೆ ಕೋಣೆಯ ಪರದೆಯ ಹಿಂದಿನಿಂದ ಧ್ವನಿಯೊಂದು ಬಂತು. ‘ನಂದು ಕಣ್ಣು ನೋಡ್ಲಿ. ನಾನೂ ಹೆಂಗಸು ಅಲ್ವಾ?’

ವರ್ಷವೆಲ್ಲ ಅಲ್ಲಿ ಕುಳಿತಿದ್ದ ಅಮ್ಮನವರ ಧ್ವನಿಯನ್ನು ಸಮಿತಿಯವರು ಕೇಳಿದ್ದು ಅದೇ ಮೊದಲು. ಸಾಹೇಬರು ಒಂದು ಕ್ಷಣ ತಬ್ಬಿಬ್ಬಾಗಿ, ಬಳಿಕ ಪರೀಕ್ಷಕರಿಗೆ ವಿನಯದಿಂದ ಅರಿಕೆ ಮಾಡಿದರು: ‘ಸ್ವಾಮಿ, ಆಕೆಯ ಕಣ್ಣಲ್ಲಿ ದೋಷವಿಲ್ಲ. ನಲವತ್ತೈದು ದಾಟಿದರೂ ಕನ್ನಡಕವಿಲ್ಲದೆ ಸೂಜಿಗೆ ದಾರ ಪೋಣಿಸುತ್ತಾಳೆ. ಆದರೆ ದೋಷವಿಲ್ಲದ ಕಣ್ಣನ್ನು ದೋಷವಿಲ್ಲ ಎಂದು ಧೈರ್ಯವಾಗಿ ಹೇಳುವುದೂ ಒಂದು ಪರೀಕ್ಷೆಯೇ.’ ಪರೀಕ್ಷಕರು ಸರಿ ಎಂದರು.

ನಾನು ಒಳಗೆ ಹೋದೆ. ಅಮ್ಮನವರು ಮುಖದ ಮೇಲಿನ ಪರದೆ ಸರಿಸಿದರು. ಕನ್ನಡಿ ಎತ್ತಿ ಬೆಳಕು ಹಾಯಿಸಿ ಓಲಾಡಿಸಿದೆ. ನೆರಳು ಎದುರು ದಿಕ್ಕಿಗೆ ಓಡಿತು. ಕನ್ನಡಿಯನ್ನು ಓರೆಯಾಗಿ ಹಿಡಿದಿರಬೇಕೆಂದು ಮತ್ತೆ ನೋಡಿದೆ. ಮತ್ತೆ ಎದುರಿಗೇ ಓಡಿತು. ಮೈನಸ್ ಗಾಜು ಹಿಡಿದೆ. ನಿಲ್ಲಲಿಲ್ಲ. ಅದಕ್ಕಿಂತ ದಪ್ಪದ್ದು ಹಿಡಿದೆ. ನಿಲ್ಲಲಿಲ್ಲ. ಪೆಟ್ಟಿಗೆಯಲ್ಲಿ ನಾನು ಅದುವರೆಗೆ ಕೈಯಿಡದ ಸಾಲಿಗೆ ಬಂದೆ. ಕೊನೆಗೆ, ‘ಅಮ್ಮ, ಎದುರಿಗಿರೋ ಹಲಗೆ ಕಾಣ್ತದಾ?’ ಎಂದು ಪಿಸುಗುಟ್ಟಿದೆ.

‘ಯಾವ ಹಲಗೆ?’ ಎಂದರು ಅಮ್ಮನವರು.

ಅಕ್ಷರ ಬಾರದವರಿಗಾಗಿ ಬಾಚಣಿಗೆಯಂಥ ಗುರುತುಗಳನ್ನು ದೊಡ್ಡದಾಗಿ ಬರೆದು, ದೀಪ ಹಚ್ಚಿ ಇಟ್ಟ ಹಲಗೆ ಅದು. ವರ್ಷವೆಲ್ಲ ಅವರು ಅದರ ಎದುರಿಗೇ ಕುಳಿತಿದ್ದರು.

ಆಗ ನನಗೆ ಹೊಳೆಯಿತು. ಚಾಳೀಸು ಬರಬೇಕಾದ ಆ ವಯಸ್ಸಿನಲ್ಲೂ ಕನ್ನಡಕವಿಲ್ಲದೆ ಸೂಜಿಗೆ ದಾರ ಪೋಣಿಸುವವರಿದ್ದರೆ, ಅವರಿಗೆ ದೂರದ್ದು ಕಾಣುತ್ತದೆಯೇ ಎಂದು ಮೊದಲು ನೋಡಿ ಎಂದು ನಮಗೆ ಪಾಠ ಹೇಳಿದವರು ಸಾಹೇಬರೇ! ದೀಪದ ಬುಡದಲ್ಲಿ ಕತ್ತಲೆ ಎಂಬ ಗಾದೆಗೆ ಇದಕ್ಕಿಂತ ಕ್ರೂರವಾದ ಉದಾಹರಣೆ ಬೇಕೇ? ಹೊರಗೆ ಊರ ದೊಡ್ಡವರ ಮುಂದೆ ಗುರುಗಳು ದೋಷವಿಲ್ಲ ಎಂದು ಹೇಳಿಬಿಟ್ಟಿದ್ದಾರೆ. ನಾನು ಹೌದು, ದೋಷವಿಲ್ಲ ಎಂದರೆ ತೇರ್ಗಡೆಯಾಗುತ್ತೇನೆ, ಗುರುಗಳ ಮಾತು ಉಳಿಯುತ್ತದೆ, ಹೆಂಗಸರಿಗೆ ಜಾಗ ಉಳಿಯುತ್ತದೆ. ಕಂಡದ್ದನ್ನು ಹೇಳಿದರೆ ಎಲ್ಲವೂ ಹೋಗಬಹುದು. ‘ನೀವ್ ಏಳ್ದಂಗೆ ಬುದ್ದಿ’ ಎಂಬ ಮಾತು ನನ್ನ ನಾಲಗೆಯ ತುದಿಗೂ ಬಂದಿತ್ತು ಎಂದು ಬರೆಯಲು ನನಗೆ ನಾಚಿಕೆಯಿಲ್ಲ; ನಾನೂ ಇದೇ ಸೀಮೆಯವಳು. ಆದರೆ ನನ್ನೆದುರಿಗೆ ಆ ಎರಡು ಕಣ್ಣುಗಳಿದ್ದವು.

‘ಬಲಗಣ್ಣು ಮೈನಸ್ ಎಂಟು. ಎಡಗಣ್ಣು ಮೈನಸ್ ಒಂಬತ್ತು’ ಎಂದು ಪರದೆಯಾಚೆಗೆ ಕೇಳುವಂತೆ ಹೇಳಿದೆ.

ಹೊರಗೆ ಗಂಗಾಧರಸ್ವಾಮಿ ಕಿಸಕ್ಕನೆ ನಕ್ಕದ್ದು ಕೇಳಿಸಿತು.  ಪರೀಕ್ಷಕರು, ‘ಇದನ್ನು ತಾಳೆ ನೋಡುವವರು ಯಾರು? ನಾನು ಒಳಗೆ ಹೋಗುವಂತಿಲ್ಲ’ ಎಂದರು. ಗೋಷಾದ ಹೆಣ್ಣಿನ ಮುಖ ನೋಡಬಹುದಾದ ಗಂಡಸು ಆ ಆಸ್ಪತ್ರೆಯಲ್ಲಿ ಒಬ್ಬರೇ ಇದ್ದರು.

ಸಾಹೇಬರು ಒಳಗೆ ಬಂದು ನನ್ನ ಕೈಯಿಂದ ಕನ್ನಡಿ ತೆಗೆದುಕೊಂಡರು. ಎರಡು ತಾಲ್ಲೂಕಿನ ಕಣ್ಣುಗಳನ್ನು ನೋಡಿದ ಅವರು ಹೆಂಡತಿಯ ಕಣ್ಣೊಳಗೆ ಬೆಳಕು ಹಾಯಿಸಿದ್ದು ಅಂದೇ ಮೊದಲು. ಒಂದು ಕಣ್ಣಿಗೆ ಇಷ್ಟೇ ಹೊತ್ತು ಬೇಕು ಎಂದು ನಮಗೆ ಕಟ್ಟುನಿಟ್ಟು ಮಾಡುತ್ತಿದ್ದವರು ಅಂದು ಬಹಳ ಹೊತ್ತು ನೋಡಿದರು. ಅಮ್ಮನವರು ಮೆಲ್ಲಗೆ ಉರ್ದುವಿನಲ್ಲಿ ಏನೋ ಕೇಳಿದರು. ಸಾಹೇಬರು ಕನ್ನಡಿಯನ್ನು ಮೇಜಿನ ಮೇಲಿಟ್ಟು, ಹೊರಗೆ ಹೋಗಿ, ಎಲ್ಲರ ಮುಂದೆ ನಿಂತು, ‘ಸ್ವಾಮಿ, ಆಕೆ ಹೇಳಿದ್ದು ಸರಿ. ನಾನು ಹೇಳಿದ್ದು ತಪ್ಪು’ ಎಂದರು.

ಪರೀಕ್ಷಕರು ಕೊಂಚ ಅನುಮಾನಿಸಿ, ‘ಶಿಷ್ಯೆಯ ಮೇಲಿನ ಅಭಿಮಾನದಿಂದ ಹೇಳುತ್ತಿಲ್ಲವಷ್ಟೆ?’ ಎಂದು ಕೇಳಿದರು. ಅದಕ್ಕೆ ಉತ್ತರ ಕೊಟ್ಟವರು ಸಿದ್ದಮಲ್ಲಪ್ಪನವರು. ‘ತನ್ ಮಾನ ತಾನೇ ಕಳ್ಕಂಡು ಯಾರಾರ ಸುಳ್ಳು ಏಳಾರೇ? ಬುಡಿ ಸ್ವಾಮಿ, ಆ ಎಣ್ಮಗ್ಳು ಗೆದ್ಲು.’ ಹೀಗೆಂದು ಸಾಹೇಬರ ಕಡೆಗೆ ತಿರುಗಿ ದನಿ ತಗ್ಗಿಸಿ, ‘ಅಲ್ಲ ಸಾಹೇಬ್ರೆ, ಇಷ್ಟ್ ವರ್ಸ ಒಂದೇ ಮನೇಲಿ ಇದ್ದು...’ ಎಂದರು.

‘ಅದನ್ನೇ ನಾನೂ ಕೇಳ್ಕೋತಾ ಇವ್ನಿ, ಸಿದ್ದಮಲ್ಲಪ್ಪನೋರೆ’ ಎಂದರು ಸಾಹೇಬರು.

ನನಗೆ ಪ್ರಮಾಣಪತ್ರ ಬಂತು. ಕೆಲವು ದಿನಗಳಲ್ಲಿ ಮೈಸೂರಿನಿಂದ ಗಾಜೂ ಬಂತು. ಸಾಹೇಬರು ಅದನ್ನು ತಮ್ಮ ಕೈಯಾರೆ ಚೌಕಟ್ಟಿಗೆ ಕೂರಿಸಿ, ನನ್ನನ್ನು ಮನೆಗೆ ಕರೆದೊಯ್ದು, ‘ನಂಬರು ಕಂಡುಹಿಡಿದೋಳು ನೀನು, ನೀನೇ ಹಾಕು’ ಎಂದು ಕೊಟ್ಟರು. ತಾವು ಒಳಗೆ ಬರದೆ ಬೀದಿಬಾಗಿಲಲ್ಲೇ ನಿಂತರು. ನಾನು ಅಂಗಳ ದಾಟಿ, ಅಡಿಗೆಮನೆಯ ಹೊಸ್ತಿಲಲ್ಲಿ ಕುಳಿತಿದ್ದ ಅಮ್ಮನವರಿಗೆ ಕನ್ನಡಕ ತೊಡಿಸಿದೆ. ಅವರು ಅಂಗಳ ನೋಡಿದರು, ಹೆಂಚು ನೋಡಿದರು, ಆಮೇಲೆ ಬಾಗಿಲ ಕಡೆ ನೋಡಿದರು. ನನ್ನ ಕೈ ಗಟ್ಟಿಯಾಗಿ ಹಿಡಿದುಕೊಂಡು, ನನಗೆ ಹೊಸ ಸುದ್ದಿ ಹೇಳುವವರಂತೆ, ‘ಇವ್ರು ನಗ್ತಾ ಅವ್ರೆ!’ ಎಂದರು. ಮತ್ತೆ, ‘ದಿನಾ ಹಿಂಗೇ ನಗ್ತಾ ಬರ್ತಿದ್ರಾ?’ ಎಂದು ಕೇಳಿದರು.

ಸಾಹೇಬರು ಮುಖ ತಿರುಗಿಸಿಕೊಂಡು ಬೀದಿ ನೋಡತೊಡಗಿದರು.

ಎಷ್ಟೋ ದಿನಗಳ ಮೇಲೆ, ನಮ್ಮ ತಾಲ್ಲೂಕಿನ ಮದ್ದೂರಿನ ಕಡೆಗೆ ಶಿಬಿರಕ್ಕೆ ಹೋಗುವ ಬಸ್ಸಿನಲ್ಲಿ ಅವರಾಗಿಯೇ ಹೇಳಿದರು. ಮದುವೆಯಾದ ಹೊಸದರಲ್ಲಿ ಅವರು ಸಂಜೆ ಮನೆಗೆ ಬಂದಾಗ ಬಾಗಿಲಲ್ಲಿ ನಿಂತು ನಗುತ್ತಿದ್ದರಂತೆ. ಹೊಸ್ತಿಲಲ್ಲಿ ಕುಳಿತ ಹೆಂಡತಿ ಎಂದೂ ತಿರುಗಿ ನಗಲಿಲ್ಲವಂತೆ. ಗಂಭೀರ ಸ್ವಭಾವದವಳು ಎಂದುಕೊಂಡರು. ನೆಂಟರ ಮುಂದೆ ತಲೆಯೆತ್ತದಿದ್ದುದನ್ನು ಲಜ್ಜೆ ಎಂದುಕೊಂಡರು. ಪವಿತ್ರ ಗ್ರಂಥವನ್ನು ಮುಖಕ್ಕೆ ಒತ್ತಿ ಹಿಡಿದುದನ್ನು ಭಕ್ತಿ ಎಂದುಕೊಂಡರು. ‘ಬರ್ತಾ ಬರ್ತಾ ನಗೋದನ್ನೇ ಬಿಟ್ಟುಬಿಟ್ಟಿದ್ದೆ ತಂಗ್ಯಮ್ಮ. ಆವತ್ತು ನಕ್ಕದ್ದು ಹೆದರಿಕೆಗೆ’ ಎಂದು ಹೇಳಿ ಕಿಟಕಿಯಾಚೆ ನೋಡಿದರು. ನನಗೆ ಅಳು ಬಂತು. ಬಸ್ಸಿನಲ್ಲಿ ಜನರಿದ್ದರೆಂದು ಗಾಜಿನ ಪೆಟ್ಟಿಗೆಯ ಪಟ್ಟಿ ಬಿಗಿಯತೊಡಗಿದೆ.

ಬೇರೆ ಯಾರಾದರೂ ಆಗಿದ್ದರೆ ಆ ಪ್ರಸಂಗವನ್ನು ಮುಚ್ಚಿಡುತ್ತಿದ್ದರು. ಸಾಹೇಬರು ಅದನ್ನು ಪಾಠಕ್ಕೆ ಸೇರಿಸಿದರು. ಮುಂದಿನ ಪ್ರತಿಯೊಂದು ವರ್ಗಕ್ಕೂ ಬುದ್ದಲಿಯ ಕಣ್ಣಿಗಿಂತ ಮೊದಲು ತಮ್ಮ ಮನೆಯ ಕಥೆಯನ್ನೇ ಹೇಳಿ, ‘ಯಾರದ್ದಾದರೂ ಗುಣ ಹೊಗಳೋದಕ್ಕೆ ಮುಂಚೆ ಒಂದು ಸಲ ಅವರ ಕಣ್ಣು ನೋಡಿ’ ಎನ್ನುತ್ತಿದ್ದರು. ಈ ಮಾತಿನ ಬೆಲೆಯನ್ನು ನಾನು ಹಳ್ಳಿಹಳ್ಳಿಯಲ್ಲಿ ಕಂಡಿದ್ದೇನೆ. ನನ್ನ ತವರಿನಲ್ಲೇ ಗುರುಮಲ್ಲಮ್ಮ ಎಂಬ ಸೊಸೆಯನ್ನು ಅವಳ ಅತ್ತೆ ಬಾಯ್ತುಂಬ ಹೊಗಳುತ್ತಿದ್ದಳು: ‘ನಮ್ ಸೊಸೆ ತಲೆ ಎತ್ತಿ ಒಬ್ಬರ ಮುಖ ನೋಡ್ದೋಳಲ್ಲ ಕಣವ್ವ.’ ನಾನು ಅವಳನ್ನು ಹಿತ್ತಿಲ ಕೋಣೆಗೆ ಕರೆದೊಯ್ದು ಬಾಗಿಲು ಹಾಕಿ ಕನ್ನಡಿ ಹಿಡಿದೆ. ನೆರಳು ಎದುರು ದಿಕ್ಕಿಗೆ ಓಡಿತು. ಕನ್ನಡಕ ಬಂದ ಮೇಲೆ ಅವಳು ತಲೆಯೆತ್ತಿ ನಡೆಯುತ್ತಾಳೆ. ಅತ್ತೆಗೆ ಈಗ ಸ್ವಲ್ಪ ಬೇಸರ. ಇರಲಿ.

ಇಂದು ತರಬೇತಿ ವರ್ಗದಲ್ಲಿ ಕಲಿತ ಹೆಂಗಸು ನಾನೊಬ್ಬಳೇ ಅಲ್ಲ. ಕತ್ತಲೆ ಕೋಣೆಗೆ ಕಾವಲು ಬೇಕೆಂದು ಯಾರೂ ಕೇಳುವುದಿಲ್ಲ. ಅಮ್ಮನವರು ಕುಳಿತಿದ್ದ ಸ್ಟೂಲು ಮಾತ್ರ ಅದೇ ಮೂಲೆಯಲ್ಲಿದೆ. ಅದರ ಮೇಲೆ ವಿದ್ಯಾರ್ಥಿಗಳು ಯಾರೂ ಕೂರುವುದಿಲ್ಲ. ಕೂರಬೇಡಿ ಎಂದು ಯಾರೂ ಹೇಳಿಲ್ಲ.

ಮನೆಯೊಳಗಿನ ಮಾತನ್ನು ಅಚ್ಚಿಗೆ ಕೊಡುವ ಮೊದಲು ಕೇಳಬೇಕಲ್ಲವೇ ಎಂದು ಕಳೆದ ತಿಂಗಳು ಸಾಹೇಬರ ಮನೆಗೆ ಹೋಗಿದ್ದೆ. ಸಾಹೇಬರು, ‘ನನ್ನ ತಪ್ಪನ್ನ ಬರಿ, ಉಳಿದದ್ದು ಬೇಡ’ ಎಂದರು. ಅಮ್ಮನವರು ಕನ್ನಡಕ ಒರೆಸಿ ಹಾಕಿಕೊಂಡು, ‘ಎಲ್ಲಾ ಬರಿಯಮ್ಮ. ಆದ್ರೆ ಇವರನ್ನ ಜಾಸ್ತಿ ಹೊಗಳ್ಬೇಡ. ನಾಳೆಯಿಂದ ದಿನವೆಲ್ಲಾ ಮನೇಲಿ ಇರೋರು, ಸುಧಾರಿಸೋಳು ನಾನು’ ಎಂದರು.

ಅವರ ಅಪ್ಪಣೆಯಂತೆ ಹೊಗಳಿಕೆಯನ್ನು ಇಲ್ಲಿಗೇ ನಿಲ್ಲಿಸುತ್ತೇನೆ. ಗುರುಗಳಿಗೆ ಭಗವಂತನು ಪೂರ್ಣಾಯುಷ್ಯವನ್ನೂ, ಕೈಯಲ್ಲಿ ಕನ್ನಡಿ ಹಿಡಿಯುವ ಶಕ್ತಿಯನ್ನೂ ಬಹುಕಾಲ ಉಳಿಸಲಿ. ಎರಡು ತಾಲ್ಲೂಕುಗಳ ಕಣ್ಣುಗಳಿಗೆ ಅವರ ಸಲಹೆ ಇನ್ನೂ ಬೇಕು. ಆದರೆ ಶಿಷ್ಯೆಯ ಸಲಿಗೆಯಿಂದ ಒಂದು ಬೇಡಿಕೆಯಿದೆ. ನಿವೃತ್ತರಾದರೆಂದು ಮನೆಯೊಳಗೇ ಕುಳಿತುಬಿಡಬಾರದು. ದಿನಕ್ಕೊಮ್ಮೆ ಎಲ್ಲಿಗಾದರೂ ಹೊರಗೆ ಹೋಗಿ, ಸಂಜೆ ತಿರುಗಿ ಬರುವಾಗ ಬೀದಿಬಾಗಿಲಲ್ಲಿ ಒಂದು ಗಳಿಗೆ ನಿಂತು ನಗಲಿ. ಹೊಸ್ತಿಲಲ್ಲಿ ನೋಡುವವರಿದ್ದಾರೆ.